ಚೀಲದವನು ಬರುವತನಕ

ಹೆಸರು: ಗವಿಸಿದ್ದೇಶ ತಂದೆ ಹುಚ್ಚೀರಪ್ಪ. ವಯಸ್ಸು: 24 ವರ್ಷ. ಉದ್ಯೋಗ: ತಹಸೀಲ್ದಾರ ಕಚೇರಿ ಎದುರಿನ ಝೆರಾಕ್ಸ್ ಅಂಗಡಿಯಲ್ಲಿ ಅರ್ಜಿ ಟೈಪ್ ಮಾಡುವುದು. ವಾಸ: ಬಸ್ ನಿಲ್ದಾಣದ ಹಿಂದಿನ ಓಣಿ, ಯಲಬುರ್ಗಾ, ಜಿಲ್ಲಾ ಕೊಪ್ಪಳ.

ಹೆಡ್ ಕಾನ್‌ಸ್ಟೇಬಲ್ ರೇಣುಕಾದೇವಿ ಮೇಡಂ ಅವರು ಕರೆಸಿದ ಮೇರೆಗೆ ಇಂದು ಠಾಣೆಗೆ ಖುದ್ದಾಗಿ ಬಂದು, ನನ್ನ ಮೊದಲಿನ ಫಿರ್ಯಾದಿಗೆ ಸೇರಿಸಿ ಕೊಡುವ ಪುರವಣಿ ಹೇಳಿಕೆ ಏನೆಂದರೆ:

ನನ್ನ ಗೇಮ್ ಯಂತ್ರ ಕಳುವಾಗಿದೆ ಎಂದು ಈ ತಿಂಗಳ 12ರಂದು ಫಿರ್ಯಾದಿ ಕೊಟ್ಟಿದ್ದೆ. ಅದರಲ್ಲಿ ಇದ್ದವನು ನಾನೊಬ್ಬನೇ. ತನಿಖೆಯಲ್ಲಿ ಮಾತ್ರ, ಯಂತ್ರದ ಮಾಲೀಕ ನನ್ನ ಗೆಳೆಯನೊಬ್ಬ ಎಂದು ಬಂದಿದೆ. ಆ ಎರಡನೇ ವ್ಯಕ್ತಿ ಯಾರು, ಎಲ್ಲಿದ್ದಾನೆ ಎಂದು ಮೇಡಂ ಕೇಳಿದ್ದಾರೆ. “ಈ ಸಲಾನೂ ನಾಟಕ ಮಾಡಿದ್ರ ಲಾಕಪ್ಪಿನ್ಯಾಗ ಕುಂಡ್ರಸ್ತೀನಿ ನೋಡು” ಎಂದೂ ಹೇಳಿದ್ದಾರೆ. ಹೋದ ವರ್ಷ ನಿಲ್ದಾಣದ ಬೆಂಚಿಗೆ ‘ಈ ಆಸನ ವಿಚಾರಮಗ್ನರಿಗೆ ಮೀಸಲು’ ಎಂದು ಸರಕಾರಿ ಅಕ್ಷರದಲ್ಲಿ ಅಂಟಿಸಿದವನು ನಾನೇ ಎಂಬುದು ಅವರಿಗೆ ತಿಳಿದಿರುವುದರಿಂದ, ಈ ಎಚ್ಚರಿಕೆ ನ್ಯಾಯವಾದದ್ದೇ ಎಂದು ಒಪ್ಪುತ್ತೇನೆ. ಠಾಣೆಯ ರೈಟರ್ ಬಂದೋಬಸ್ತಿಗೆ ಹೋಗಿರುವುದರಿಂದ ಈ ಹೇಳಿಕೆಯನ್ನು ಮೇಡಂ ಎದುರಿಗೆ ನಾನೇ ಟೈಪ್ ಮಾಡುತ್ತಿದ್ದೇನೆ.

ಈ ತಿಂಗಳ 11ರ ಭಾನುವಾರ ನಾನು ಗಂಗಾವತಿಗೆ ಹೋಗಿ, ಹಳೇ ಎಲೆಕ್ಟ್ರಾನಿಕ್ ಸಾಮಾನು ಮಾರುವ ರಾಜಾಸಾಬ ಅವರ ಅಂಗಡಿಯಲ್ಲಿ ಮಧ್ಯಾಹ್ನ ಕೂತೆ. ಕ್ಯಾಸೆಟ್ ಕಾಲದ ಆಟಗಳು ಓಡುವ ಯಂತ್ರ ನನಗೆ ಬೇಕಾಗಿತ್ತು. ಅಷ್ಟೇ ಅಲ್ಲ, ಕಂಪನಿಯವರ ಅಪ್ಪಣೆ ಇಲ್ಲದೆ ಮನೆಯಲ್ಲಿ ಕೂತು ಬರೆದ ಆಟವನ್ನೂ ಅದು ತಕರಾರಿಲ್ಲದೆ ಓಡಿಸಬೇಕಾಗಿತ್ತು. ಅಂಥ ಒಂದು ಆಟವನ್ನು ನಾನು ಬರೆದಿದ್ದೇನೆ. ಹೆಸರು ‘ಸೀಟು ಹಿಡಿ’. ಬಸ್ಸು ನಿಲ್ದಾಣಕ್ಕೆ ಬರುತ್ತದೆ. ಒಬ್ಬ ಆಟಗಾರ ಹೊರಗಿನಿಂದ ಕಿಟಕಿಯೊಳಗೆ ಟವಲ್ ಒಗೆದು ಸೀಟು ಹಿಡಿಯಬೇಕು, ಇನ್ನೊಬ್ಬ ಬಾಗಿಲಲ್ಲಿ ನೂಕಾಡಿ ಹತ್ತಬೇಕು. ಇಬ್ಬರಿಗೂ ಸೀಟು ಸಿಕ್ಕರೆ ಬಸ್ಸು ಹೊರಡುತ್ತದೆ. ಇದನ್ನು ಇಬ್ಬರು ಆಡಿದ್ದೇ ಇಲ್ಲ. ಅಂಗಡಿಯ ಕಂಪ್ಯೂಟರಿನಲ್ಲಿ ಎಡಗೈಯನ್ನು ಒಬ್ಬನೆಂದೂ ಬಲಗೈಯನ್ನು ಇನ್ನೊಬ್ಬನೆಂದೂ ಮಾಡಿ ನೋಡಿದ್ದೆ. ಎರಡೂ ಕೈ ಒಮ್ಮೆಗೇ ತಪ್ಪುತ್ತಿದ್ದವು, ಬಸ್ಸು ಒಮ್ಮೆಯೂ ಹೊರಡಲಿಲ್ಲ.

ರಾಜಾಸಾಬರು ಮೊದಲು ಅಂಗೈಯಗಲದ ಯಂತ್ರವೊಂದನ್ನು ನನ್ನ ಕೈಗೆ ಕೊಟ್ಟು, “ತಮ್ಮಾ, ನನ್ನ ಕೇಳಿದ್ರ ಇದನ್ನ ತಗೋ. ಪರದೆ ಇದರಾಗ ಐತಿ, ಟಿವಿ ಬೇಕಾಗಿಲ್ಲ. ಹಳೇವು ಹೊಸಾವು, ನೀ ಬರದಿದ್ದು ಎಲ್ಲಾ ಓಡ್ತಾವು. ಕಿಸೇದಾಗ ಹಾಕ್ಕೊಂಡು ಎಲ್ಲಿ ಬೇಕಾದ್ರೂ ಕುಂತು ಆಡು” ಎಂದರು. ಯಂತ್ರ ನಿಜಕ್ಕೂ ಛಲೋ ಇತ್ತು. ನಾನು ಅದನ್ನೇ ಹಿಡಿದುಕೊಂಡು ಸುಮಾರು ಹೊತ್ತು ಕೂತೆ. ಆಗ ಅವರು ಎಷ್ಟು ಮಂದಿ ಆಡುತ್ತೀರಿ ಎಂದು ಕೇಳಿದರು. ನಾನು ಇಬ್ಬರು ಎಂದೆ. “ಹಂಗಾದ್ರ ಇದು ಬ್ಯಾಡ” ಎಂದು ನನ್ನ ಕೈಯಿಂದ ಅದನ್ನು ವಾಪಸು ತೆಗೆದುಕೊಂಡರು.

ಎರಡನೆಯದು ಟಿವಿಗೆ ಹಚ್ಚುವ ದೊಡ್ಡ ಹಳೇ ಯಂತ್ರ. ಬೇರೆಯವರ ಆಟ ಓಡದಂತೆ ಕಂಪನಿ ಹಾಕಿದ್ದ ಬೀಗವನ್ನು ಯಾರೋ ಮೊದಲೇ ತೆಗೆದಿದ್ದರಿಂದ ಮನೆಯ ಆಟವೂ ಓಡುತ್ತಿತ್ತು, ಆದರೆ ಎರಡನೇ ಆಟಗಾರನ ರಿಮೋಟು ಸಿಕ್ಕಿಸುವ ತೂತು ಸತ್ತುಹೋಗಿತ್ತು. ಕೊನೆಗೆ ಅವರು ಸಣ್ಣದೊಂದು ಡಬ್ಬಿ ತೆಗೆದರು. ಅದನ್ನೂ ಟಿವಿಗೇ ಹಚ್ಚಬೇಕು. ಮೆಮೊರಿ ಕಾರ್ಡಿನಲ್ಲಿ ಆಟ ಹಾಕಬಹುದು, ವೈರಿನ ಎರಡು ರಿಮೋಟು. ಒಂದನ್ನು ನನಗೆ ಕೊಟ್ಟು ಇನ್ನೊಂದನ್ನು ಅವರು ಹಿಡಿದರು. ಆಟ ಶುರುವಾಗುವಷ್ಟರಲ್ಲಿ ಸುಟ್ಟ ಮಿಕ್ಸರ್ ಹಿಡಿದುಕೊಂಡು ಗಿರಾಕಿಯೊಬ್ಬರು ಬಂದರು. ರಾಜಾಸಾಬರು ರಿಮೋಟು ಕೆಳಗಿಟ್ಟು ಎದ್ದರು. “ನಿನ್ನ ಜೋಡಿದಾರ ಯಾಕ ಬಂದಿಲ್ಲ?” ಎಂದು ಅಲ್ಲಿಂದಲೇ ಕೇಳಿದರು. ಅವನಿಗೆ ಕೆಲಸವಿದೆ ಎಂದೆ. ಎರಡನೇ ವ್ಯಕ್ತಿ ಈ ಪ್ರಕರಣದಲ್ಲಿ ಮೊದಲು ಕಾಣಿಸಿಕೊಂಡದ್ದು ಇಲ್ಲಿ. ನಾನು ಡಬ್ಬಿಯನ್ನೇ ಕೊಂಡೆ.

ಸಂಜೆ ಕೊಪ್ಪಳ ನಿಲ್ದಾಣದಲ್ಲಿ ಬಸ್ ಬದಲಿಸಬೇಕಾಗಿತ್ತು. ಯಲಬುರ್ಗಾ ಬಸ್ಸೂ ಕುಷ್ಟಗಿ ಬಸ್ಸೂ ಪಕ್ಕಪಕ್ಕದಲ್ಲಿ ನಿಂತಿದ್ದವು. ನಾನು ಹಿಂದಿನಿಂದ ಎರಡರ ನಡುವಿನ ಸಂದಿಗೆ ನುಗ್ಗಿ, ಬೋರ್ಡು ನೋಡದೆ, ಕಿಟಕಿಯ ಪಕ್ಕ ಕೂತಿದ್ದ ಹಿರಿಯ ಹೆಂಗಸೊಬ್ಬರಿಗೆ ಟವಲನ್ನೂ ಯಂತ್ರದ ಚೀಲವನ್ನೂ ಕೊಟ್ಟು, ಬಾಜೂ ಸೀಟುಗಳಲ್ಲಿ ಒಂದೊಂದನ್ನು ಇಡಲು ಕೇಳಿಕೊಂಡೆ. ಇಬ್ಬರಿದ್ದೀರಾ ಎಂದು ಅವರು ಕೇಳಿದರು. ಬರೀ ಚೀಲವೆಂದರೆ ಯಾರಾದರೂ ಕಾಲಡಿ ಸರಿಸಿ ಕೂತುಬಿಡುತ್ತಾರೆ, ಯಂತ್ರವೋ ಆಗಷ್ಟೇ ಕೊಂಡದ್ದು. “ಹೂನ್ರಿ ಅಮ್ಮಾರ. ಚೀಲ ನನ್ನ ಗೆಳ್ಯಾಂದು, ಅಂವ ಬರಾಕತ್ತಾನ” ಎಂದೆ. ಮಧ್ಯಾಹ್ನ ಒಮ್ಮೆ ಹೇಳಿದ್ದರಿಂದ ಈ ಸಲ ಸಲೀಸಾಗಿ ಬಂತು.

ಮುಂದುಗಡೆಯಿಂದ ಸುತ್ತಿ ಬಂದು ಹತ್ತಿದೆ. ಹತ್ತಿದ್ದು ಯಲಬುರ್ಗಾ ಬಸ್ಸು. ನನ್ನ ಲೆಕ್ಕದ ಸೀಟಿನಲ್ಲಿ ದಪ್ಪ ಮೀಸೆಯ ಒಬ್ಬರು ಕೂತಿದ್ದರು. ಇಲ್ಲಿ ನನ್ನ ಟವಲ್ ಇತ್ತು ಎಂದು ಜಗಳ ತೆಗೆದೆ. “ಎಲ್ಲೈತಿಲೇ ನಿನ್ನ ಟವಲ್? ನನ್ನ ತಲಿ ಮ್ಯಾಲ ಐತೇನು?” ಎಂದು ಅವರು ಎದ್ದು ನಿಂತರು. ಎದ್ದಾಗ ಅವರ ಹಿಂದಿನ ಕಿಟಕಿ ಕಂಡಿತು. ಅದರಾಚೆ ಪಕ್ಕದ ಬಸ್ಸಿನ ಕಿಟಕಿ, ಅದರಲ್ಲಿ ಆ ಹೆಂಗಸು, ಅವರ ಬಾಜೂ ಸೀಟಿನಲ್ಲಿ ನನ್ನ ಚೀಲ. ಬಳೆ ತುಂಬಿದ ಅವರ ಕೈ ಚೀಲದ ಮೇಲಿತ್ತು. ನಿಂತಿದ್ದವರೊಬ್ಬರಿಗೆ ಅವರು ಇಲ್ಲ ಇಲ್ಲ ಎಂದು ತಲೆಯಾಡಿಸುತ್ತಿದ್ದರು. ನಾನು ಕೂಗಿದೆ. ಎರಡೂ ಎಂಜಿನ್ ಚಾಲೂ ಇದ್ದವು, ಮಂದಿಯನ್ನು ದಾಟಿ ಬಾಗಿಲಿಗೆ ಬರುವಷ್ಟರಲ್ಲಿ ಎರಡೂ ಬಸ್ಸು ಹೊರಟವು. ಚೀಲ ಕೂತಲ್ಲೇ ಕೂತು ಕುಷ್ಟಗಿಗೆ ಹೋಯಿತು. ನಾನು ನಿಂತುಕೊಂಡು ಯಲಬುರ್ಗಾಕ್ಕೆ ಬಂದೆ.

ಮರುದಿನ ಫಿರ್ಯಾದಿ ಕೊಟ್ಟೆ. ಮೇಡಂ ಕುಷ್ಟಗಿ ನಿಲ್ದಾಣಕ್ಕೆ ಫೋನ್ ಮಾಡಿದಾಗ, ಜೋಹರಾಬಿ ಎಂಬ ಬಳೆ ವ್ಯಾಪಾರದವರು ತಮ್ಮ ನಂಬರ್ ಬಿಟ್ಟು ಹೋಗಿದ್ದಾರೆಂದು ತಿಳಿಯಿತು. ಅವರೇ ಆ ಹೆಂಗಸು. ಮೇಡಂ ಸ್ಪೀಕರ್ ಹಾಕಿ, ಹುಡುಗ ಇಲ್ಲೇ ಇದ್ದಾನೆ, ಕಳಿಸುತ್ತೇವೆ, ಚೀಲ ಕೊಟ್ಟುಬಿಡಿ ಎಂದರು. ಜೋಹರಾಬಿಯವರು, “ಮೇಡಂ, ಟವಲ್ಲಿನವಂಗ ಟವಲ್ ಕೊಡ್ತೀನಿ, ಚೀಲದವಂಗ ಚೀಲ. ಚೀಲ ಗೆಳ್ಯಾಂದು ಅಂತ ಇಂವನ ಬಾಯಿಲೆ ಹೇಳ್ಯಾನ. ಅಷ್ಟ ಮಂದ್ಯಾಗ ಸೀಟು ಬಿಟ್ಟುಕೊಡದ ಇಟ್ಟೀನ್ರಿ. ಬ್ಯಾರೇದವ್ರ ಕೈಯಾಗ ಹೆಂಗ ಕೊಡ್ಲಿ?” ಎಂದರು. ಮೇಡಂ ನನ್ನ ಕಡೆ ನೋಡಿದರು. ನಾನು ಗೋಡೆಯ ಮೇಲಿನ ಸಹಾಯವಾಣಿ ಸಂಖ್ಯೆಗಳನ್ನು ಓದುತ್ತಿದ್ದೆ.

ಹೊರಗೆ ಬಂದು ತಾಹೇರನಿಗೆ ಫೋನ್ ಮಾಡಿದೆ. ಸಾಲಿ ಕಲಿಯುತ್ತಿದ್ದಾಗ ಅವನೂ ನಾನೂ ಇಲ್ಲಿಯ ವಿಡಿಯೊ ಗೇಮ್ ಅಂಗಡಿಯಲ್ಲಿ ಒಂದೇ ಚಾಪೆಯ ಮೇಲೆ ಕೂತು ಆಡುತ್ತಿದ್ದೆವು. ಆ ಅಂಗಡಿ ಈಗ ರಿಚಾರ್ಜ್ ಅಂಗಡಿ, ತಾಹೇರ ಈಗ ಗಂಗಾವತಿಯ ಅಕ್ಕಿ ಗಿರಣಿಯಲ್ಲಿ ಇದ್ದಾನೆ. ಕುಷ್ಟಗಿಗೆ ಒಮ್ಮೆ ಬಂದು ಚೀಲ ನಿನ್ನದೆಂದು ಹೇಳು, ಪೊಲೀಸರು ಕೇಳುತ್ತಿದ್ದಾರೆ ಎಂದೆ. “ಲೇ ಗವ್ಯಾ, ಈ ಸಲ ಪೊಲೀಸರನ್ನೂ ಸೇರಿಸೀಯಲ್ಲಲೇ! ಭಾರಿ ಐತಿ ಬಿಡು” ಎಂದು ನಕ್ಕು ಇಟ್ಟ. ಮತ್ತೆ ಮಾಡಿದೆ, ಎತ್ತಲಿಲ್ಲ. ಅವನನ್ನು ದೂರುವುದಿಲ್ಲ. ಅವನ ಜಾಗದಲ್ಲಿದ್ದರೆ ನಾನೂ ನಂಬುತ್ತಿರಲಿಲ್ಲ.

18ರ ಭಾನುವಾರ ಒಬ್ಬನೇ ಕುಷ್ಟಗಿಯಲ್ಲಿ ಅವರ ಮನೆ ಕೇಳಿಕೊಂಡು ಹೋದೆ. ಜೋಹರಾಬಿಯವರ ಸೊಸೆ ಇರ್ಫಾನಾ ಪಡಸಾಲೆಯಲ್ಲಿ ಹೊಲಿಗೆ ಹಾಕುತ್ತಿದ್ದರು. ಮೊಮ್ಮಕ್ಕಳಿಬ್ಬರು ಎರಡು ಮೂಲೆಯಲ್ಲಿ ಎರಡು ಮೊಬೈಲ್ ಹಿಡಿದು, ಕಿವಿಗೆ ವೈರು ಹಾಕಿಕೊಂಡು ಕೂತಿದ್ದರು. ನಾನು ಬಂದದ್ದು ಅವರಿಗೆ ಗೊತ್ತಾಗಲಿಲ್ಲ. ಜೋಹರಾಬಿಯವರು ಒಗೆದು ಮಡಿಚಿದ ಟವಲನ್ನು ಕೊಟ್ಟು, ಚೀಲದವನು ಎಲ್ಲಿ ಎಂದು ಕೇಳಿದರು. ನಿಜ ಹೇಳಬೇಕೆಂದೇ ಬಾಯಿ ತೆರೆದೆ, ಅವನಿಗೆ ಜ್ವರ ಎಂದು ಬಂತು. ಹೆಸರು ಕೇಳಿದರು, ತಾಹೇರ ಎಂದೆ.

ಚೀಲದಲ್ಲಿ ಏನಿದೆ, ನಿಮ್ಮಿಬ್ಬರದೇ ಎನ್ನುವುದಕ್ಕೆ ಏನು ಗುರುತು ಎಂದು ಅವರು ಕೇಳಿದ್ದರಿಂದ, ಯಂತ್ರವನ್ನು ಅವರ ಟಿವಿಗೆ ಹಚ್ಚಿ ಕಿಸೆಯಲ್ಲಿದ್ದ ಮೆಮೊರಿ ಕಾರ್ಡು ಹಾಕಿದೆ. ಪರದೆಯ ಮೇಲೆ ‘ಸೀಟು ಹಿಡಿ’ ಎಂದೂ ಕೆಳಗೆ ನನ್ನ ಹೆಸರೂ ಬಂದವು. ಬಸ್ಸು ಬಂದು ನಿಂತಿತು. ಬಳೆಯ ಗಂಟು ಹೊತ್ತು ಊರೂರ ಸಂತೆ ಮಾಡುವ ಅವರಿಗೆ ಬೇರೇನೂ ವಿವರಿಸುವ ಪ್ರಸಂಗ ಬರಲಿಲ್ಲ. “ಇನ್ನೊಂದು ರಿಮೋಟ ಯಾರ್ದು?” ಎಂದರು. ಚೀಲದವನದು ಎಂದೆ. “ತಾ ಇಲ್ಲಿ. ಅಂವ ಬರೋತನಕ ನಾ ಹಿಡೀತೀನಿ” ಎಂದು ಚಾಪೆಯ ಮೇಲೆ ನನ್ನ ಬಾಜೂಕ್ಕೆ ಕೂತರು.

ಮೊದಲ ಮೂರು ಸಲ ಬಸ್ಸು ತಪ್ಪಿತು. “ಏ ಬೇಟಾ, ಟವಲ್ ಈಗ ಒಗೀಬ್ಯಾಡೋ! ಇಳಿಯೂ ಮಂದಿ ಇಳೀಲಿ. ಎಷ್ಟು ಅವಸರ ನಿಂಗ! ಹಿಂಗಾಗೇ ಅವತ್ತು ಬ್ಯಾರೆ ಬಸ್ಸು ಹತ್ತಿ ಮತ್ತ” ಎಂದು ಬೈದರು. ನನ್ನ ಎಡಗೈ ಬಲಗೈಗೆ ಎಂದೂ ಹೀಗೆ ಬೈದಿರಲಿಲ್ಲ. ನಾಲ್ಕನೇ ಸಲ ತಡೆದು ಒಗೆದೆ, ಅವರು ನಾಲ್ಕು ಮಂದಿಯನ್ನು ಮೊಣಕೈಯಿಂದ ಸರಿಸಿ ಹತ್ತಿದರು. ಇಬ್ಬರಿಗೂ ಸೀಟು ಸಿಕ್ಕಿತು. ಬಸ್ಸು ಹೊರಟಿತು. ಕಿಟಕಿಯಲ್ಲಿ ಎರಡು ತಲೆ ಒಟ್ಟಿಗೆ ಅಲುಗಾಡಿದವು. ಅದನ್ನು ಬರೆದವನು ನಾನೇ, ನೋಡಿದ್ದು ಅವತ್ತೇ ಮೊದಲು.

ಮುಂದೆ ಊರು ಬರುತ್ತದೇನು ಎಂದು ಅವರು ಕೇಳಿದರು. ಇನ್ನೂ ಬರೆದಿಲ್ಲ, ಇಲ್ಲಿತನಕ ಯಾರೂ ಬಂದಿರಲಿಲ್ಲ ಎಂದೆ. “ಬರಿ ಮತ್ತ. ಇಬ್ರೂ ಕುಂತಾರ, ಎಲ್ಲಿಗೆ ಹೊಂಟಾರ ಅಂತ ಬ್ಯಾಡೇನು?” ಎಂದರು. ಅಷ್ಟರಲ್ಲಿ ಇರ್ಫಾನಾ ಕರೆದರು. ಮರುದಿನದ ಸಂತೆಗೆ ಬಳೆ ಕಟ್ಟುವುದಿತ್ತು. ಜೋಹರಾಬಿಯವರು ರಿಮೋಟನ್ನು ಚಾಪೆಯ ಮೇಲಿಟ್ಟು ಎದ್ದರು. ನಾನು ಎರಡನ್ನೂ ಹಿಡಿದು ಒಂದು ಆಟ ಆಡಿದೆ. ಬಸ್ಸು ಹೊರಡಲಿಲ್ಲ.

ಹೊರಡುವಾಗ ಅವರು ಎಲ್ಲವನ್ನೂ ಚೀಲಕ್ಕೆ ಹಾಕಿ, ಚೀಲದವನು ಬರುವತನಕ ಇಲ್ಲೇ ಇರಲಿ ಎಂದು ಕಪಾಟಿನ ಮೇಲೆ ಇಟ್ಟರು. ನಾನು ಬೇಡವೆನ್ನಲಿಲ್ಲ. ಬಾಗಿಲಿಗೆ ಬಂದು, “ಬರೂ ಐತವಾರ ಬಾ. ಅವಂಗ ಜ್ವರ ಇಳೀಲಿಲ್ಲಂದ್ರೂ ನೀ ಬಾ” ಎಂದರು. ವಾಪಸು ಬರುವ ಬಸ್ಸಿನಲ್ಲಿ ಟವಲ್ ಹಾಕಿ ಕಿಟಕಿ ಸೀಟು ಹಿಡಿದೆ. ಬಾಜೂ ಸೀಟಿಗೆ ಮಂದಿ ಅದಾರೇನು ಎಂದು ಒಬ್ಬರು ಕೇಳಿದರು. ಯಾರೂ ಇಲ್ಲ, ಕೂಡ್ರಿ ಎಂದೆ.

ಮೇಡಂ ಅವರ ಪ್ರಶ್ನೆಗೂ ನನ್ನ ಉತ್ತರ ಅದೇ. ಎರಡನೇ ವ್ಯಕ್ತಿ ಎಂಬವನು ಇಲ್ಲ. ಯಂತ್ರ ಕಳುವಾಗಿಲ್ಲ, ಯಾರ ಮೇಲೂ ನನ್ನ ತಕರಾರಿಲ್ಲ, ಫಿರ್ಯಾದಿಯನ್ನು ಮುಗಿಸಬಹುದು. ಒಂದೇ ವಿನಂತಿ. ಈ ಹೇಳಿಕೆಯನ್ನು ಕುಷ್ಟಗಿಗೆ ಫೋನ್ ಮಾಡಿ ಓದಿ ಹೇಳಬಾರದು. ಅಲ್ಲಿ ಒಂದು ಜಾಗ ಹಿಡಿದಿಟ್ಟಿದೆ. ಬರುವವನು ಇಲ್ಲವೆಂದು ಗೊತ್ತಾದರೆ, ಹಿಡಿದುಕೊಂಡು ಕೂತವರು ಎದ್ದುಬಿಡುತ್ತಾರೆ.

ಟೈಪ್ ಮಾಡಿದ್ದನ್ನು ಮೇಡಂ ಓದಿದರು, ನಾನೂ ಓದಿದೆ. ಇದರಲ್ಲಿ ಇರುವುದೆಲ್ಲ ನಿಜ, ಈ ಸಲ.

ಸ್ಥಳ: ಯಲಬುರ್ಗಾ
ದಿನಾಂಕ: 20-01-2026

ಸಹಿ/-
ಗವಿಸಿದ್ದೇಶ
(ಟವಲ್ಲಿನವನು)