ಏಳು ಸಲ ಉಳಿದ ರೇಡಿಯೊ

ಆ ಬೆಳಿಗ್ಗೆ ಮಂಜು ಇನ್ನೂ ಕರಗಿರಲಿಲ್ಲ. ಊರವರ ಕೆಟ್ಟ ಸಾಮಾನು ಸರಿಮಾಡಿಕೊಡುವ ಗ್ರಂಥಾಲಯದ ರಿಪೇರಿ ಕೋಣೆಯ ಸಾಲಿನಲ್ಲಿ ನನ್ನ ಮುಂದಿದ್ದ ಅಜ್ಜಿ ರೇಡಿಯೊ ಕೊಟ್ಟರು. ರಿಪೇರಿಯವನು ಅದನ್ನು ತೂಗಿ, ‘ಕಸವಾಗದೆ ಉಳಿದದ್ದು’ ಎಂಬ ಪುಸ್ತಕದಲ್ಲಿ ಎರಡು ಕಿಲೋ ಎಂದು ಬರೆದ.

“ಹೋದ ತಿಂಗಳೂ ಇದನ್ನೇ ಬರೆದ್ಯಲ್ಲಪ್ಪ?”

“ಪ್ರತಿ ರಿಪೇರಿಗೂ ಬರೀಬೇಕಜ್ಜಿ. ಇದು ಏಳನೇದು. ಭೂಮಿತಾಯಿ ಮೇಲೆ ಹದಿನಾಲ್ಕು ಕಿಲೋ ಕಸ ಬೀಳದ ಹಾಗೆ ಮಾಡಿದ್ದೀರಿ.”

“ಇರೋದೊಂದೇ ರೇಡಿಯೊ ಕಣೋ!”

“ಮೆಲ್ಲಗಜ್ಜಿ! ಈ ಪುಸ್ತಕದಲ್ಲಿ ವರ್ಷಕ್ಕೆ ನೂರು ಕಿಲೋ ಆಗ್ದಿದ್ರೆ ಗ್ರಂಥಾಲಯದವರು ಈ ಕೋಣೆ ಬಿಡಿಸ್ತಾರೆ.”

“ಅಯ್ಯೋ, ಮೊದಲೇ ಹೇಳಬಾರದಾ? ನಮ್ಮ ಅಟ್ಟದಲ್ಲಿ ಹಳೇ ಟಿ.ವಿ. ಕೆಟ್ಟು ಕೂತಿದೆ, ಇಪ್ಪತ್ತು ಕಿಲೋ ತೂಗುತ್ತೆ. ನಾಳೆ ತರಿಸ್ತೀನಿ. ಈ ಬಡಪಾಯಿನ ಬಿಟ್ಬಿಡು.”

ರಿಪೇರಿಯವನು ತಲೆ ತಗ್ಗಿಸಿದ. ಮೇಜಿನ ಖಾನೆ ಎಳೆದು, ಆ ರೇಡಿಯೊದಿಂದ ಸಲಕ್ಕೊಂದರಂತೆ ತೆಗೆದಿಟ್ಟುಕೊಂಡಿದ್ದ ಆರು ಸ್ಕ್ರೂಗಳನ್ನು ಸದ್ದಿಲ್ಲದೆ ಅಜ್ಜಿಯ ಅಂಗೈಗಿಟ್ಟ.