ಸಿಂಗಾಪುರದಿಂದ ಹೊಂಡದ ದಡಕ್ಕೆ

ಸೀನಪ್ಪ ಬಿನ್ ದೊಡ್ಡಮುನಿಯಪ್ಪ, 56 ವರ್ಷ, ವ್ಯವಸಾಯ, ರಾಯಲ್ಪಾಡು ಗ್ರಾಮ, ಶ್ರೀನಿವಾಸಪುರ ತಾಲ್ಲೂಕು. ನಾನು ಈ ದಿನ ಪೊಲೀಸ್ ಠಾಣೆಗೆ ಖುದ್ದಾಗಿ ಹಾಜರಾಗಿ ಈ ಮೂಲಕ ತಿಳಿಸುವುದೇನೆಂದರೆ,

ನನ್ನ ತಮ್ಮ ರಾಮು ಸಿಂಗಾಪುರದಲ್ಲಿ ವೆಲ್ಡಿಂಗ್ ಕೆಲಸ ಮಾಡುತ್ತಾನೆ. ಎರಡು ವರ್ಷದ ಹಿಂದೆ ಜಮೀನಿನ ಪಾಲಿನ ವಿಷಯದಲ್ಲಿ ನಮ್ಮಿಬ್ಬರಿಗೂ ಜಗಳವಾಗಿದ್ದು ನಿಜ. ಆಮೇಲೆ ಫೋನಿನಲ್ಲಿ ಮಾತು ಶುರುವಾಗಿತ್ತು.

ನಿನ್ನೆ ಬೆಳಿಗ್ಗೆ ಸುಮಾರು 6 ಗಂಟೆಗೆ ಅವನು ಅಲ್ಲಿಂದ ಫೋನ್ ಮಾಡಿದ. ಕೃಷಿ ಹೊಂಡದ ಮೋಟರ್ ಪೈಪಿಗೆ ಪಾಚಿ ಕಟ್ಟಿಕೊಂಡಿದೆ, ಸಂಜೆ ಇಳಿದು ತೆಗೆಯುತ್ತೇನೆ ಎಂದು ಹೇಳಿದೆ. ಹೊಂಡಕ್ಕೆ ಹಾಸಿರುವ ಟಾರ್ಪಾಲ್ ಜಾರುತ್ತದೆ, ಒಬ್ಬನೇ ಇಳಿಯಬೇಡ ಎಂದ. ನನಗೆ ರೇಗಿ, "ಹಂಗಾದ್ರೆ ನೀನೇ ಬಂದು ತೆಗಿ. ಸಿಂಗಾಪುರ ಏನ್ ಮುಳಬಾಗಿಲೇನ್ಲಾ, ಬಸ್ ಹತ್ತಿ ಬಂದ್ಬಿಡೋಕೆ?" ಎಂದೆ. ಅವನು ನಕ್ಕು ಫೋನ್ ಇಟ್ಟ.

ಸಂಜೆ 4 ಗಂಟೆಗೆ ಹೊಂಡಕ್ಕೆ ಇಳಿಯುವಾಗ ಕಾಲು ಜಾರಿ ನೀರಿಗೆ ಬಿದ್ದೆ. ಆಳ ಹನ್ನೆರಡು ಅಡಿ. ನನಗೆ ಈಜು ಬರುವುದಿಲ್ಲ. ಮೋಟರ್ ಪೈಪ್ ಹಿಡಿದು ತೇಲುತ್ತಾ ಕೂಗಿದೆ. ಯಾರೂ ಬರಲಿಲ್ಲ. ಬೆರಳು ಮರಗಟ್ಟಿ ಹಿಡಿತ ಸಡಿಲವಾಗುತ್ತಿದ್ದಾಗ ದಡದ ಮೇಲೆ ರಾಮು ಕಾಣಿಸಿದ. ಇಸ್ತ್ರಿ ಬಟ್ಟೆ ಹಾಕಿದ್ದ, ಹೆಗಲಲ್ಲಿ ಬ್ಯಾಗಿತ್ತು. ನನ್ನ ಪ್ರಾಣ ಹೋಗಿದೆ, ಅದಕ್ಕೇ ಅವನು ಕಾಣುತ್ತಿದ್ದಾನೆ ಎಂದುಕೊಂಡೆ.

"ಲೇ ರಾಮು, ನಾನು ಸತ್ತೋದ್ನೇನ್ಲಾ?" ಎಂದೆ.

"ಸತ್ತಿಲ್ಲ ಕಣಣ್ಣಾ, ಈ ಪೈಪ್ ಹಿಡ್ಕೋ!" ಎಂದು ದಡದಲ್ಲಿ ಬಿದ್ದಿದ್ದ ಡ್ರಿಪ್ ಪೈಪನ್ನು ಎರಡು ಮಡಿಕೆ ಮಾಡಿ ಎಸೆದ. ಮಾವಿನ ಮರದ ಬುಡಕ್ಕೆ ಕಾಲು ಕೊಟ್ಟು ಎಳೆದ. ಅವನ ಎರಡೂ ಅಂಗೈಯ ಚರ್ಮ ಕಿತ್ತುಹೋಗಿದೆ.

ಪಕ್ಕದ ತೋಟದ ವೆಂಕಟರಾಯಪ್ಪನವರು ದೂರದಿಂದ ನೋಡಿ, ಹಳೆಯ ಜಗಳ ನೆನೆದು, ರಾಮುವೇ ತಳ್ಳಿದನೆಂದು ತಿಳಿದು ಪೊಲೀಸರಿಗೆ ಫೋನ್ ಮಾಡಿರುತ್ತಾರೆ. ಅವರು ಕಂಡದ್ದು ಹಾಗೇ ಇತ್ತು, ಅವರ ಮೇಲೆ ನನಗೆ ಬೇಸರವಿಲ್ಲ.

ದಡದಲ್ಲಿ ಉಸಿರು ಬಂದ ಮೇಲೆ, ಹೇಗೆ ಬಂದೆ ಎಂದು ಕೇಳಿದೆ. ಬೆಳಿಗ್ಗೆ ಫೋನ್ ಮಾಡಿದಾಗಲೇ ವಿಮಾನ ನಿಲ್ದಾಣದಲ್ಲಿದ್ದನಂತೆ, ಹೇಳದೆ ಬಂದು ನಮ್ಮನ್ನು ಬೆರಗುಗೊಳಿಸಬೇಕೆಂದಿದ್ದನಂತೆ. ವಿಮಾನ ನಮ್ಮ ಗಡಿಯಾರದ ಪ್ರಕಾರ ಆರೂವರೆಗೆ ಹೊರಟು ಹನ್ನೊಂದಕ್ಕೆ ಬೆಂಗಳೂರಿನಲ್ಲಿ ಇಳಿದಿದೆ. ಮೂರು ಸಾವಿರ ಕಿಲೋಮೀಟರಿಗೂ ಮೇಲಂತೆ, ನಾಲ್ಕೂವರೆ ಗಂಟೆ. ಅಲ್ಲಿಂದ ಬಸ್ಸು ಬದಲಾಯಿಸಿಕೊಂಡು ನಮ್ಮೂರಿಗೆ ಬರಲೂ ಹೆಚ್ಚುಕಡಿಮೆ ಅಷ್ಟೇ ಹೊತ್ತು ಹಿಡಿದಿದೆ. ಮನೆಯಲ್ಲಿ ನನ್ನ ಹೆಂಡತಿ ಆವಲಮ್ಮ, ಹೊಂಡದ ಹತ್ತಿರ ಹೋಗಿದ್ದಾರೆ ಎಂದಿದ್ದಕ್ಕೆ ನೀರು ಕೂಡ ಕುಡಿಯದೆ ಓಡಿ ಬಂದಿದ್ದಾನೆ.

ನಾನು ಡೈರಿಗೆ ಹಾಲು ಹಾಕಿ ಬಂದು, ಗಂಜಿ ಕುಡಿದು, ಟೊಮೇಟೊ ಗಿಡ ಎರಡು ಸಾಲು ಕೋಲಿಗೆ ಕಟ್ಟಿ ಮುಗಿಸುವಷ್ಟರಲ್ಲಿ ಅವನು ಸಮುದ್ರ ದಾಟಿದ್ದ.

ಬೆಳಿಗ್ಗೆ ಸಿಂಗಾಪುರದಲ್ಲಿದ್ದವನು ಸಂಜೆ ಇಲ್ಲಿ ಹೇಗಿದ್ದ ಎಂದು ತಾವು ಕೇಳಿದ್ದೀರಿ. ಟಿಕೆಟ್ಟು, ಪಾಸ್‌ಪೋರ್ಟಿನ ಮುದ್ರೆ ತೋರಿಸಿದ್ದೇವೆ. ನಿಜ ಹೇಳಬೇಕೆಂದರೆ ನನಗೂ ಇನ್ನೂ ಪೂರ್ತಿ ನಂಬಿಕೆ ಬಂದಿಲ್ಲ. ಆದರೆ ನನ್ನನ್ನು ಎಳೆದ ಕೈ ಅವನದೇ. ಅವನ ಮೇಲೆ ನನ್ನ ದೂರು ಯಾವುದೂ ಇಲ್ಲ.

ಬರೆದದ್ದನ್ನು ಓದಿಸಿ ಕೇಳಿದೆ. ನಾನು ಹೇಳಿದಂತೆಯೇ ಇದೆ, ಎಲ್ಲವೂ ಸತ್ಯ.

ಸ್ಥಳ: ರಾಯಲ್ಪಾಡು
ದಿನಾಂಕ: 15-05-2025
(ಸಹಿ) ಸೀನಪ್ಪ