ಕೆಸರು ಬಿಟ್ಟ ದೋಣಿ

...ಅಲ್ಲ ಅಕ್ಕ, ಆಮೇಲೆ ಹಗ್ಗ ಅಲ್ಲಾಡಲೇ ಇಲ್ಲ! ಎಷ್ಟು ಸಲ ಹೇಳ್ಲಿ? ನನ್ನ ಕೈಯಲ್ಲೇ ಇತ್ತು ಹಗ್ಗ. ಈ ಕೈಗೇ ಸುತ್ಕೊಂಡಿದ್ದೆ. ಅಲ್ಲಾಡಿದ್ರೆ ಗೊತ್ತಾಗ್ತಿರಲಿಲ್ವಾ? ಕೂತ್ಕೋ ನೀನು ಮೊದಲು. ಬೆಂಚು ಖಾಲಿ ಇದೆಯಲ್ಲ... ಬೇಡ್ವಾ? ಸರಿ, ನಿಂತ್ಕೋ. ಆ ಐಸಿಯು ಗಾಜಿನ ಬಾಗಿಲ ಕಡೆ ನೋಡಬೇಡ, ನನ್ನ ಮುಖ ನೋಡು. ಭಾವ ಮಲಗಿದ್ದಾರೆ, ಎಲ್ಲಿಗೂ ಎದ್ದು ಹೋಗಲ್ಲ.

ಮೊದಲಿಂದ ಹೇಳ್ತೀನಿ. ಪೊಲೀಸರಿಗೂ ಹೀಗೇ ಹೇಳಿದ್ದು.

ಜನರನ್ನ ದಾಟಿಸೋ ದೋಣಿ ಅದು. ಕಬ್ಬಿಣದ್ದು, ದೊಡ್ಡದು. ತಳ ತೂತಾಗಿ ಬಂದರಿನ ಒಳಮೂಲೇಲಿ ಮುಳುಗಿ ಕೂತಿತ್ತು. ಎತ್ತೋ ಕೆಲಸ ನಮಗೆ ಬಂತು. ಭಾವ ನೀರೊಳಗೆ, ನಾನು ಮೇಲೆ ತೆಪ್ಪದ ಮೇಲೆ. ಮುಳುಗೋನು ಒಬ್ಬ, ಗಾಳಿ ಕೊಡೋನು ಒಬ್ಬ. ಯಾವಾಗಲೂ ಹಾಗೇ ಅಲ್ವಾ? "ಭಾವನ ಜೊತೆ ಹೋಗು, ಕಸುಬು ಕಲಿತ್ಕೋ" ಅಂತ ನನ್ನನ್ನ ಕಳಿಸಿದವಳು ನೀನೇ ತಾನೇ?

ಚಿಕ್ಕವರಿದ್ದಾಗ ನೀರಿನ ತೊಟ್ಟೀಲಿ ತಂಬಿಗೆ ಬೋರಲು ಹಾಕಿ ಒತ್ತುತ್ತಿದ್ವಲ್ಲ, ನೆನಪಿದೆಯಾ? ಒಳಗಿನ ಗಾಳಿ ಬಗ್ತಿರಲಿಲ್ಲ. ಎರಡೂ ಕೈ ಊರಿ ಒತ್ತಬೇಕು. ಸ್ವಲ್ಪ ಜಾರ್ತೋ, ಠಪ್ ಅಂತ ಹಾರಿ ನನ್ನ ಮೂಗಿಗೇ ಬಂದು ಬಡೀತಿತ್ತು. ಬಿದ್ದು ಬಿದ್ದು ನಗ್ತಿದ್ದೆ ನೀನು... ಅದೇ ಅಕ್ಕ, ಅದೇ ವಿದ್ಯೆ! ತಂಬಿಗೆ ಎಷ್ಟು ನೀರನ್ನ ಪಕ್ಕಕ್ಕೆ ತಳ್ಳುತ್ತೋ, ಅಷ್ಟು ನೀರಿನ ಭಾರ ಅದನ್ನ ಮೇಲಕ್ಕೆ ನೂಕುತ್ತೆ. ಮೊಳೆ ಮುಳುಗುತ್ತೆ, ಹಡಗು ತೇಲುತ್ತೆ. ಎರಡೂ ಕಬ್ಬಿಣವೇ. ಆದ್ರೆ ಹಡಗಿನ ಹೊಟ್ಟೇಲಿ ಗಾಳಿ ಇದೆ, ಮೊಳೆಗೆ ಹೊಟ್ಟೆಯೇ ಇಲ್ಲ. ಮುಳುಗಿದ ದೋಣಿಯ ಹೊಟ್ಟೆಗೆ ನೀರು ಹೊಕ್ಕಿರುತ್ತೆ, ಅದಕ್ಕೆ ಹೊರಗಿಂದ ಬೇರೆ ಹೊಟ್ಟೆ ಕಟ್ಟಬೇಕು. ದೊಡ್ಡ ದೊಡ್ಡ ರಬ್ಬರ್ ಚೀಲ, ಬಾಯಿ ಕೆಳಗಾಗಿ. ದಪ್ಪ ಪಟ್ಟಿ ಹಾಕಿ ದೋಣಿಗೆ ಬಿಗಿದು, ಮೇಲಿಂದ ಕೊಳವೇಲಿ ಗಾಳಿ ತುಂಬೋದು. ಚೀಲ ಉಬ್ಬುತ್ತೆ, ದೋಣಿ ಏಳುತ್ತೆ. ಅಷ್ಟೇ!

ಆದ್ರೆ ಕೆಸರು ಇದೆಯಲ್ಲ, ಅದು ಬಿಡಲ್ಲ. ಕಚ್ಚಿ ಹಿಡ್ಕೊಂಡಿರುತ್ತೆ. ನೀನು ಗಾಳಿ ತುಂಬ್ತಾ ಹೋಗ್ತೀಯ, ದೋಣಿ ಮಿಸುಕಲ್ಲ. ಇನ್ನೂ ತುಂಬ್ತೀಯ, ಊಹೂಂ. ಬೇಕಾದ್ದಕ್ಕಿಂತ ಜಾಸ್ತಿ ಆಗೋಗಿರುತ್ತೆ, ಆಗ ಕೆಸರು ಫಟ್ ಅಂತ ಕೈಬಿಡುತ್ತೆ! ಆಮೇಲೆ ಯಾರಪ್ಪನ ಮಾತೂ ಕೇಳಲ್ಲ ಅದು. ಮೇಲಕ್ಕೆ ಬಂದಷ್ಟೂ ನೀರಿನ ಒತ್ತಡ ಕಮ್ಮಿ, ಒತ್ತಡ ಕಮ್ಮಿ ಆದಷ್ಟೂ ಚೀಲದ ಗಾಳಿ ಇನ್ನೂ ಹಿಗ್ಗುತ್ತೆ, ಹಿಗ್ಗಿದಷ್ಟೂ ಇನ್ನೂ ಜೋರು... ಅದಕ್ಕೇ ನಿಧಾನ ಮಾಡಬೇಕು. ಮೊದಲು ಒಂದು ತುದಿ ಅಲ್ಲಾಡಿಸಿ ಕೆಸರಿನ ಹಿಡಿತ ಬಿಡಿಸಬೇಕು. ಭಾವನೇ ಕಲಿಸಿದ್ದು ಇದನ್ನ. ತಲೆಗೆ ಮೊಟಕಿ ಮೊಟಕಿ ಕಲಿಸಿದ.

ಏನು? ಏನಂದೆ ನಾನು? "ಕಲಿಸಿದ" ಅಂದ್ನಾ? ಬಾಯಿ ತಪ್ಪಿ ಬಂತು ಬಿಡು. ಕಲಿಸಿದರು. ಆಯ್ತಾ?

ಬೆಳಿಗ್ಗೆ ಜಗಳ ಆಗಿದ್ದು ನಿಜ. ಮುಚ್ಚಿಡಲ್ಲ. ನಿನ್ನ ದವಡೆ ನೋಡ್ಕೊಂಡು ಹೋಗಿದ್ದೆ ನಾನು! ನಿನ್ನೆ ಸಂಜೆ ಮನೆಗೆ ಬಂದಾಗ ಸೆರಗಲ್ಲಿ ಮುಚ್ಕೊಂಡು "ಬಾಗಿಲು ತಗುಲ್ತು ಕಣೋ" ಅಂದೆಯಲ್ಲ. ಬಾಗಿಲಿಗೆ ಉಂಗುರ ಇರುತ್ತಾ ಅಕ್ಕ? ಉಂಗುರದ ಗುರುತು ಹಾಗೇ ಮೂಡಿತ್ತು. ತೆಪ್ಪದ ಮೇಲೆ ಕಾಲಿಟ್ಟವನೇ ಕೇಳ್ದೆ, "ನಿನ್ನ ಕೈಗೆ ಬೇರೆ ಕೆಲಸ ಇಲ್ವಾ?" ಅಂತ. "ಗಂಡ ಹೆಂಡತಿ ವಿಷಯ, ಮಧ್ಯೆ ಬರಬೇಡ" ಅಂದ. ಸ್ಪ್ಯಾನರ್ ಕೈಗೆ ಬಂತು, ಬೀಸಿದೆ. ಭುಜಕ್ಕೆ ಸರಿಯಾಗಿ ಬಿತ್ತು. ಅವನೂ ಬಿಡಲಿಲ್ಲ, ಹೊಟ್ಟೆಗೆ ಗುದ್ದಿದ, ಕುತ್ತಿಗೆ ಹಿಡ್ಕೊಂಡ. ನಾನು ಅವನ ಕಿವಿ ಕಚ್ಚಿದೆ. ರಕ್ತ ಬಾಯಿಗೆ ಬಂತು, ಉಪ್ಪುಪ್ಪು... ಮುಖ ತಿರುಗಿಸ್ಕೋಬೇಡ! ನಿನಗೋಸ್ಕರ ಹೊಡೆದಾಡಿದ್ದು, ಕೇಳೋಕಾದ್ರೂ ಆಗಲ್ವಾ? ಆಮೇಲೆ ಒಂದು ಸಲ ನೂಕಿದ, ನಾನು ಬಿದ್ದೆ, ಮುಗೀತು. ಎದ್ದು ಕೆಲಸ ಶುರು ಮಾಡಿದ್ವಿ. ಗಂಡಸರ ಜಗಳ ಅಷ್ಟೇ ಅಲ್ವಾ, ಬಂತು ಹೋಯ್ತು.

ಅವನು ಕೆಳಗಿಳಿದ. ಹಿಂದಿನ ಪಟ್ಟಿ ಸರಿಯಾಗಿ ಕೂತಿರಲಿಲ್ಲ, ಅದನ್ನ ದೋಣಿಯ ತಳದಡಿ ತೂರಿಸೋಕೆ. ನಮ್ಮಿಬ್ಬರ ಮಧ್ಯೆ ಮಾತು ಅಂದ್ರೆ ಆ ಹಗ್ಗ ಒಂದೇ. ಒಂದು ಉದ್ದ ಎಳೆತ ಬಂದ್ರೆ "ನಾನು ಆಚೆ ಬಂದೆ, ಚೀಲಕ್ಕೆ ಗಾಳಿ ಕೊಡು" ಅಂತ. ಚಿಕ್ಕಚಿಕ್ಕದಾಗಿ ಜಗ್ಗಿದ್ರೆ "ನಿಲ್ಲಿಸು" ಅಂತ. ಉದ್ದ ಎಳೆತ ಬಂತು. ಗಾಳಿಯಂತ್ರದ ನಲ್ಲಿ ತಿರುಗಿಸಿದೆ. ಆಮೇಲೆ ಹಗ್ಗ ಅಲ್ಲಾಡಲಿಲ್ಲ. ನಾನೇನು ಮಾಡ್ಲಿ?

ನೀನು ನೋಡಬೇಕಿತ್ತು ಅಕ್ಕ... ಮೊದಲು ಗುಳ್ಳೆ. ಆಮೇಲೆ ನೀರೆಲ್ಲ ಕಪ್ಪಗಾಯ್ತು, ಕೆಸರು ಕುದಿಯೋ ಹಾಗೆ. ಆಮೇಲೆ ಇಡೀ ದೋಣಿ, ಮೂತಿ ಮೇಲಾಗಿ, ನೀರು ಸೀಳ್ಕೊಂಡು ಎದ್ದು ನಿಂತ್ಕೊಂಡಿತು! ತೆಪ್ಪ ಎಗರಿತು. ಒಂದು ಪಟ್ಟಿ ಹರಿದು ಚಾಟಿ ಹಾಗೆ ಬೀಸಿ ಗಾಳಿಯಂತ್ರದ ಮುಚ್ಚಳಾನೇ ಕಿತ್ಕೊಂಡು ಹೋಯ್ತು. ತಲೆ ಅಲ್ಲಿದ್ದಿದ್ರೆ ತಲೆ. ಇನ್ನೊಂದು ಪಟ್ಟಿಗೆ... ಅವನು ನೇತಾಡ್ತಿದ್ದ. ಕಾಲು ಪಟ್ಟಿಗೂ ಕಬ್ಬಿಣಕ್ಕೂ ಮಧ್ಯೆ. ಮುಖದ ಗಾಜೆಲ್ಲ ಒಳಗಿಂದ ಕೆಂಪು. ಅಷ್ಟು ಆಳದಿಂದ ಹಾಗೆ ಎಳ್ಕೊಂಡು ಬಂದ್ರೆ ಎದೆಯೊಳಗಿನ ಗಾಳಿನೂ ಚೀಲದ ಥರಾನೇ ಹಿಗ್ಗುತ್ತೆ ಅಲ್ವಾ... ಅಷ್ಟರಲ್ಲಿ ಮೇಲೆ ಬಂದ ಚೀಲಗಳು ಮಗುಚಿ ಗಾಳಿ ಕಕ್ಕಿದ್ವು. ದೋಣಿ ಮತ್ತೆ ಕೆಳಕ್ಕೆ. ಅವನ ಸಮೇತ.

ಹಾರ್ದೆ ನಾನು! ಯಾರೂ ಹೇಳಲಿಲ್ಲ, ಹಾರ್ದೆ. ಕಣ್ಣು ಕಾಣದ ಕೆಸರಲ್ಲಿ ತಡಕಾಡಿ ಪಟ್ಟಿ ಕೊಯ್ದೆ. ಅವಸರಕ್ಕೆ ಅವನ ತೊಡೇನೂ ಕೊಯ್ದೆ. ನೀರೊಳಗೆ ಹೂವಿನ ಥರ ಬಂದ ಅಕ್ಕ, ಅಷ್ಟು ದೊಡ್ಡ ದೇಹ, ಒಂದು ಕೈಯಲ್ಲಿ ಎಳೆದ್ರೆ ಬರ್ತಿತ್ತು. ತೆಪ್ಪದ ಅಂಚಿಗೆ ಬಂದು ಎತ್ತಿದ್ನೋ, ಬಂಡೆ! ನೀರು ಇಷ್ಟು ಹೊತ್ತು ಹೊತ್ಕೊಂಡಿದ್ದ ಭಾರ ಎಲ್ಲ ನನ್ನ ಕೈಗೆ ಕೊಟ್ಬಿಡ್ತು. ಡಾಕ್ಟರೇ ಹೇಳಿದ್ರಲ್ಲ, "ಭಾಮೈದ ಇಲ್ದಿದ್ರೆ ಹೆಣಾನೇ ಬರ್ತಿತ್ತು" ಅಂತ? ನಿನ್ನೆದುರೇ ಹೇಳಿದ್ರಲ್ಲ?

ಮಾತಾಡೇ ಅಕ್ಕ. ಅತ್ತಾದ್ರೂ ಬಿಡು. ದೋಣಿ ಧಣಿ ಕೇಳಿದ, ಪೊಲೀಸರು ಕೇಳಿದ್ರು, "ಗಾಳಿ ಬಿಟ್ಟಾಗ ಅವನು ಎಲ್ಲಿದ್ದ?" ಅಂತ. ನೀನೊಬ್ಬಳು ಕೇಳ್ತಾನೇ ಇಲ್ಲ. ಯಾಕೆ? ಕೇಳು! ಕೇ... ನಾನು ಕೂಗ್ತಿಲ್ಲ, ಸಿಸ್ಟರ್. ಇಲ್ಲ, ಮನೆಯವರೇ ನಾವು. ಬಿಟ್ಟೆ, ಕೈ ಬಿಟ್ಟೆ ನೋಡಿ. ಅಕ್ಕ, ನೋವಾಯ್ತಾ? ಇಷ್ಟು ಗಟ್ಟಿಯಾಗಿ ಹಿಡ್ಕೊಂಡಿದ್ದು ಗೊತ್ತಾಗಲಿಲ್ಲ ನನಗೆ.

ಯಾಕೆ ಆ ಬಾಗಿಲಿಗೇ ಅಂಟಿಕೊಂಡು ನಿಂತಿದ್ದೀಯ? ಒಳಗೆ ಹೋಗೋಕೆ ಬಿಡಲ್ವಾ ನನ್ನ?

...ಎಚ್ಚರ ಆಯ್ತಾ ಅವನಿಗೆ?

ಯಾವಾಗ? ನಾನು ಬರೋ ಮುಂಚೇನಾ? ಮಾತಾಡಿದ್ನಾ? ಏನಂದ? ತಲೆ ಎತ್ತಿ ಹೇಳು, ಏನಂದ? ಗಾಳಿ ಕೇಳೇ ಇರಲಿಲ್ಲ ಅಂದ್ನಾ? ಇನ್ನೂ ತಳದಡಿ ಇದ್ದೆ, ಜಗ್ಗಿದೆ, ಜಗ್ಗಿ ಜಗ್ಗಿ ಸಾಕಾಯ್ತು ಅಂದ್ನಾ?

ನೀನು ಏನೂ ಹೇಳಲಿಲ್ಲ... ನಾನೇ ಹೇಳ್ಬಿಟ್ಟೆ ಅಲ್ವಾ?

ಹೂಂ. ಜಗ್ಗಿದ. ನನ್ನ ಅಂಗೈ ಸಿಪ್ಪೆ ಏಳೋ ಹಾಗೆ ಜಗ್ಗಿದ. ನಾನು ನಲ್ಲಿ ಇನ್ನೂ ತಿರುಗಿಸಿದೆ. ನಿನಗೋಸ್ಕರ ಅಕ್ಕ! ನಿನ್ನ ದವಡೆಗೋಸ್ಕರ! ಹೂಂ ಅನ್ನು. ಒಂದು ಸಲ ಹೂಂ ಅಂದ್ಬಿಡು, ಪೊಲೀಸರ ಹತ್ರ ನಾನೇ ಹೋಗ್ತೀನಿ... ಅನ್ನಲ್ವಾ? ಹಾಗೆ ನೋಡಬೇಡ. ಬೇರೆಯವರನ್ನ ನೋಡೋ ಹಾಗೆ ನೋಡಬೇಡ.

ಬೆಳಿಗ್ಗೆ ಜಗಳದಲ್ಲಿ ನೂಕಿದ ಅಂದೆನಲ್ಲ ನಾನು, ನೀರಿಗೆ ನೂಕಿದ್ದು. ಅಂಚು ಹಿಡ್ದು ಹತ್ತೋಕೆ ಹೋದ್ರೆ ಬೂಟುಗಾಲಲ್ಲಿ ಬೆರಳು ತುಳಿದ. "ತೇಲೋ, ತೇಲು. ಅದೊಂದನ್ನಾದ್ರೂ ಕಲಿ" ಅಂದ. ದಡದ ಮೇಲೆ ಕ್ರೇನಿನವರೆಲ್ಲ ನಿಂತಿದ್ರು. ನಕ್ಕರು. ಹೊಟ್ಟೆ ಹಿಡ್ಕೊಂಡು ನಕ್ಕರು ಅಕ್ಕ. ನಲ್ಲಿ ಮುಟ್ಟಿದಾಗಲೂ ಕಿವೀಲಿ ಆ ನಗುವೇ...

ನೀನು ನೆನಪಾಗಲೇ ಇಲ್ಲ.